ಅಧ್ಯಕ್ಷೆಯ ಗಂಡ

ನನ್ನ ಅಂಗಡಿಯಲ್ಲಿ ನಟ್ಟು, ಬೋಲ್ಟು, ವಾಷರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೊಡುವ ಕ್ರಮ ಇಲ್ಲ. ಕಾಗದದ ಪೊಟ್ಟಣ ಕಟ್ಟಿಯೇ ಕೊಡುವುದು. ಇದಕ್ಕೆ ಪರಿಸರ ಪ್ರೇಮ ಕಾರಣವೆಂದು ನೀವು ತಿಳಿದುಕೊಂಡರೆ ನನಗೆ ಸಂತೋಷವೇ. ಆದರೆ ಸಂಗತಿ ಅದಲ್ಲ. ಅಂಗಡಿಯ ಅಟ್ಟದ ಮೇಲೆ ಹಳದಿ ಕಾಗದದ ದೊಡ್ಡದೊಂದು ಕಟ್ಟು ಬಿದ್ದುಕೊಂಡಿದೆ. ಒಂದು ಬದಿ ಅಚ್ಚಾಗಿದೆ, ಇನ್ನೊಂದು ಬದಿ ಖಾಲಿ. ಅಚ್ಚಾದ ಬದಿ ಒಳಗೆ ಹೋಗುವಂತೆ ಮಡಚುವುದು ನನಗೆ ಎಷ್ಟು ರೂಢಿಯಾಗಿದೆಯೆಂದರೆ, ಗಿರಾಕಿಯ ಜೊತೆ ಮಳೆ ಬೆಳೆ ಮಾತಾಡುತ್ತಲೇ ಕೈ ತನ್ನ ಪಾಡಿಗೆ ಮಡಚಿ ಮುಗಿಸಿರುತ್ತದೆ.

ಮೊನ್ನೆ ದೊಡ್ಡಬೈಲಿಗೆ ಹೊಸದಾಗಿ ಬಂದ ಒಬ್ಬರು ಪಂಪಿಗೆ ನಾಲ್ಕು ಬೋಲ್ಟು ಕೊಂಡರು. ಅಳತೆ ಸರಿಯಿದೆಯೋ ಎಂಬ ಸಂಶಯ ಅವರಿಗೆ. ಮೆಟ್ಟಿಲ ಮೇಲೆಯೇ ಪೊಟ್ಟಣ ಬಿಚ್ಚಿದರು. ಬೋಲ್ಟು ನೋಡುವ ಬದಲು ಕಾಗದ ನೋಡಿದರು.

"ಹ್ವಾಯ್, ಇದೆಂತ ಮಾರಾಯ್ರೆ? ಪ್ರಾಣ ಹೋದರೂ ಕೆಳಮಕ್ಕಿ ಪಂಚಾಯತು ಬಿಟ್ಟುಕೊಡೆವು ಅಂದೇಳಿ ಇತ್ತ್. ಅಡಿಗೆ ನಿಮ್ ಹೆಸ್ರ್."

"ಹೌದ್" ಎಂದೆ.

"ಕೆಳಮಕ್ಕಿಗೂ ಒಂದ್ ಪಂಚಾಯ್ತ್ ಇದ್ದಿತ್ತಾ?"

"ಇದ್ದಿತ್ತ್."

"ಮತ್ತೆ ಬಿಟ್ಟುಕೊಟ್ಟದ್ ಯಾರ್?"

"ನನ್ ಹೆಂಡ್ತಿ."

ಅವರು ನಕ್ಕರು. ಅಂಗಡಿಯವರು ತಮಾಷೆ ಮಾಡುತ್ತಾರೆಂದು ತಿಳಿದರು. ನಾನೂ ನಕ್ಕೆ. ಇಷ್ಟು ವರ್ಷಗಳ ಮೇಲೆ ನಗುವುದಕ್ಕೆ ತೊಂದರೆಯಿಲ್ಲ. ಆದರೆ ಆ ದಿನ ನನಗೆ ಬಡಿದ ಆಘಾತ, ಮೋಟಾರಿನ ಬರಿ ವಯರಿಗೆ ಒದ್ದೆ ಕೈ ತಾಗಿದಾಗ ಬಡಿಯುವುದಿದೆಯಲ್ಲ, ಅದಕ್ಕಿಂತ ಕಡಿಮೆಯದಲ್ಲ. ನಾನು ಎರಡನ್ನೂ ಉಂಡವನಾದ್ದರಿಂದ ಹೇಳುತ್ತಿದ್ದೇನೆ.

ಕೆಳಮಕ್ಕಿ ನಿಮಗೆ ಗೊತ್ತಿರುವುದಿಲ್ಲ. ತ್ರಾಸಿ ದಾಟಿ ಬೈಂದೂರಿನ ಕಡೆ ಹೋಗುವಾಗ ಹೆದ್ದಾರಿಯಿಂದ ಬಲಕ್ಕೆ ಇಳಿದು, ಗದ್ದೆ ಬಯಲು ದಾಟಿ, ಹೊಳೆಯ ದಂಡೆ ಮುಟ್ಟುವಷ್ಟರಲ್ಲಿ ಊರು ಮುಗಿಯುತ್ತದೆ. ಒಂದು ಶಾಲೆ, ಒಂದು ಅಂಚೆ ಪೆಟ್ಟಿಗೆ, ಶೀನಣ್ಣನ ಹೋಟೆಲು, ಅದರ ಎದುರಿಗೆ ಎರಡು ಕೋಣೆಯ ಪಂಚಾಯತ್ ಆಫೀಸು. ಹೆದ್ದಾರಿಯ ಬದಿಯಲ್ಲಿ ನನ್ನ ಪಂಪು ಮತ್ತು ಪೈಪಿನ ಅಂಗಡಿ. ಊರಿನ ಇನ್ನೊಂದು ತುದಿಯಲ್ಲಿ ಒಂದು ಸಣ್ಣ ತೋಡು, ತೋಡಿನ ಬದಿಗೆ ಒಂದು ಗಡಿಕಲ್ಲು. ಅಲ್ಲಿಂದಾಚೆ ದೊಡ್ಡಬೈಲು.

ಚಿಕ್ಕಂದಿನಲ್ಲಿ ನಮಗೆ ಆ ಗಡಿಕಲ್ಲು ಬೇಕಾಗುತ್ತಿದ್ದದ್ದು ಬಾದಾಮಿ ಒಡೆಯುವುದಕ್ಕೆ. ಕಾಟು ಬಾದಾಮಿಯ ಮರ ತೋಡಿನ ಆಚೆ ಇತ್ತು. ಕಾಯಿ ಅವರದ್ದು, ಕಲ್ಲು ನಮ್ಮದು. ದೊಡ್ಡಬೈಲಿನ ಹುಡುಗರು ಬಂದರೆ ಅರ್ಧ ಬೀಜ ಸುಂಕ ಕೊಡಬೇಕು. ಕೊಡದಿದ್ದರೆ ಕಲ್ಲಿನ ಮೇಲೆ ಕೂತುಬಿಡುತ್ತಿದ್ದೆವು. ರಾಜ್ಯಭಾರದ ನನ್ನ ಮೊದಲ ಅನುಭವ ಇದೇ. ಮನೆಗೆ ಹೋದರೆ ಅಬ್ಬಿ, ಎಂದರೆ ನನ್ನಮ್ಮ, ಅಂಗಿ ತುಂಬ ಬಾದಾಮಿಯ ಕೆಂಪು ಕಲೆ ನೋಡಿ ಬೆನ್ನಿಗೆ ಎರಡು ಬಿಡುತ್ತಿದ್ದಳು. "ಆಚೆ ಊರಿಗ್ ಹೋಪುಕಾಗ ಅಂದೇಳಿ ಎಷ್ಟ್ ಸಲ ಹೇಳುದ್?" ಆಚೆ ಊರು ಎಂದರೆ ನಮ್ಮ ಅಂಗಳದಲ್ಲಿ ನಿಂತು ಕೂಗಿದರೆ ಓಗೊಡುವಷ್ಟು ದೂರ.

ದೂರ ಎಂದರೆ ಏನೆಂದು ತಿಳಿದಿದ್ದವರು ನಮ್ಮ ಅಪ್ಪಯ್ಯ. ಆಗ ನಮ್ಮ ಜಿಲ್ಲೆಯ ಆಫೀಸು ಮಂಗಳೂರಿನಲ್ಲಿ. ಒಂದು ಜಾಗದ ಕಾಗದಕ್ಕಾಗಿ ಅವರು ಮೊದಲ ಬಸ್ಸಿಗೆ ಹೊರಟು, ಚೀಲದಲ್ಲಿ ಅವಲಕ್ಕಿ ಕಟ್ಟಿಕೊಂಡು ಹೋಗಿ, ಸಂಜೆಗೆ ಹಿಂತಿರುಗಿ, "ಒಂದ್ ಸೈನ್ ಕಡ್ಮೆ ಇತ್ತಂಬ್ರ್" ಎಂದು ಜಗಲಿಯಲ್ಲಿ ಕಾಲು ಚಾಚುತ್ತಿದ್ದರು. ಮುಂದಿನ ತಿಂಗಳು ಮತ್ತೆ ಅವಲಕ್ಕಿ. ತೊಂಬತ್ತೇಳರಲ್ಲಿ ಉಡುಪಿ ಜಿಲ್ಲೆಯಾದಾಗ ಅವರು ನಂಬಲಿಲ್ಲ. "ಇಷ್ಟ್ ಹತ್ರ ಬಂದ್ರೆ ಆಫೀಸ್ರ್‌ಗ್ ಎಂತ ಮರ್ಯಾದಿ ಉಳಿತ್ತ್?" ಎಂದರು. ಆಮೇಲೂ ಎರಡು ಮೂರು ವರ್ಷ ವಿಳಾಸದ ಕೆಳಗೆ ದ.ಕ. ಎಂದೇ ಬರೆದರು. ಆದರೆ ಒಂದು ಪಾಠ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಆಫೀಸು ಹತ್ತಿರ ಬಂದರೆ ಒಳ್ಳೆಯದು, ದೂರ ಹೋದರೆ ಕೆಟ್ಟದ್ದು. ಮುಂದೆ ನಾನು ಮಾಡಿದ ಎಲ್ಲ ಘನಕಾರ್ಯಕ್ಕೂ ಈ ಪಾಠವೇ ಬುನಾದಿ.

ಈಗ ನನ್ನ ಹೆಂಡತಿ ಜಲಜಳ ವಿಷಯ. ಆಕೆ ನಮ್ಮದೇ ಊರಿನ ಕಟ್ಟಿನಡಿಯವಳು. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಕಟ್ಟಿನ ಬುಡದಲ್ಲಿ ಹದಿನಾಲ್ಕು ಮನೆಗಳಿವೆ, ಅದೇ ಕಟ್ಟಿನಡಿ. ದೊಡ್ಡಬೈಲಿನ ಗಡಿಕಲ್ಲು ಅಲ್ಲೇ ಪಕ್ಕದಲ್ಲಿ. ಜಲಜ ಏಳನೆಯವರೆಗೆ ಓದಿ, ಬೀಡಿ ಕಟ್ಟುತ್ತಾ ಇದ್ದವಳು. ಮದುವೆಯಾದ ಮೇಲೂ ಬೀಡಿ ಬಿಡಲಿಲ್ಲ. ಮಾತು ಕಡಿಮೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಾ ಕೂತರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ.

ಆ ಸಲದ ಪಂಚಾಯತ್ ಚುನಾವಣೆಗೆ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಶೀನಣ್ಣ ಇನ್ನಿಬ್ಬರನ್ನು ಕಟ್ಟಿಕೊಂಡು ಅಂಗಡಿಗೆ ಬಂದು, "ಮಂಜಣ್ಣ, ನಿಮ್ಮನೆಯವ್ರನ್ನ ನಿಲ್ಸುವ" ಎಂದ. ನಾನು ಸ್ವಲ್ಪ ಗಂಭೀರವಾಗಿ ಯೋಚಿಸಿದವನಂತೆ ಮಾಡಿ ಒಪ್ಪಿದೆ. ಸಂಜೆ ಮನೆಗೆ ಹೋಗಿ ಹೇಳಿದೆ.

"ನಾಳೆ ಒಂದ್ ಸೈನ್ ಹಾಕುಕೆ ಹೋಯ್ಕ್."

"ಎಂತಕೆ?"

"ಎಲೆಕ್ಷನಿಗೆ."

ಜಲಜ ಕತ್ತರಿ ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದಳು. "ಯಾರ್ ನಿಲ್ಲುದ್?"

"ನೀನೇ ಮಾರಾಯ್ತಿ."

"ಹ್ಞೂಂ" ಎಂದು ಮತ್ತೆ ಎಲೆ ಕತ್ತರಿಸತೊಡಗಿದಳು. ಗೆದ್ದಳು. ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂದದ್ದರಿಂದ ಅಧ್ಯಕ್ಷೆಯೂ ಆದಳು. ಆದದ್ದು ಅವಳು, ಎದೆ ಉಬ್ಬಿದ್ದು ನನಗೆ.

ಅಧ್ಯಕ್ಷೆಯ ಗಂಡನಾಗುವುದು ಒಂದು ಹುದ್ದೆ. ಅದಕ್ಕೆ ಸಂಬಳವಿಲ್ಲ, ನೇಮಕದ ಆದೇಶವೂ ಇಲ್ಲ. ಆದರೆ ಅದರಂಥ ಸುಖದ ಹುದ್ದೆ ಸರಕಾರದಲ್ಲಿ ಇನ್ನೊಂದಿಲ್ಲ. ಸಭೆಯಲ್ಲಿ ಆಕೆಯ ಪಕ್ಕಕ್ಕೆ ನನಗೊಂದು ಕುರ್ಚಿ. ಕಾರ್ಯದರ್ಶಿ ಪಾಪದ ಮನುಷ್ಯ, ಫೈಲನ್ನು ಮೊದಲು ನನ್ನ ಅಂಗಡಿಗೆ ತಂದು ಆಮೇಲೆ ಆಫೀಸಿಗೆ ಒಯ್ಯುತ್ತಿದ್ದ. ಫೋನಿನಲ್ಲಿ ಯಾರಾದರೂ "ಅಧ್ಯಕ್ಷರಿದ್ದಾರಾ?" ಎಂದರೆ, "ಹೌದು, ಮಾತಾಡ್ತಾ ಇದ್ದೇನೆ" ಎಂದು ನನ್ನ ಬಾಯಿಂದ ಬಂದದ್ದೂ ಉಂಟು. ಸಹಿ ಮಾಡುವಾಗ ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಜಲಜ ನನ್ನ ಬೆರಳನ್ನು ಮೆಲ್ಲಗೆ ಬದಿಗೆ ಸರಿಸಿ, ಅದರಡಿಗಿದ್ದ ಸಾಲುಗಳನ್ನು ಓದಿ, ಆಮೇಲೆ ಸಹಿ ಹಾಕುತ್ತಿದ್ದಳು. ಪಾಪ, ಓದುವುದು ನಿಧಾನ ಎಂದು ನಾನು ಅಂದುಕೊಂಡಿದ್ದೆ.

ಹೀಗೆ ನಾನು ಸುಖವಾಗಿ ರಾಜ್ಯವಾಳುತ್ತಿರುವಾಗ ತಾಲೂಕಿನಿಂದ ಒಂದು ಪತ್ರ ಬಂತು. ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷವಾಗಿರಬಹುದು. ತೀರಾ ಸಣ್ಣ ಪಂಚಾಯತುಗಳನ್ನು ಪಕ್ಕದ ದೊಡ್ಡ ಪಂಚಾಯತುಗಳ ಜೊತೆ ಸೇರಿಸುವ ಆಲೋಚನೆಯಿದೆ, ಕೆಳಮಕ್ಕಿಯನ್ನು ದೊಡ್ಡಬೈಲಿಗೆ ಸೇರಿಸಬಹುದೇ, ವಿಶೇಷ ಸಭೆ ಕರೆದು ಅಭಿಪ್ರಾಯ ಕಳಿಸಿ ಎಂದು ಇತ್ತು. ಕಾರ್ಯದರ್ಶಿ ಪತ್ರ ಓದುವಾಗ ನನ್ನ ಕೈಯಲ್ಲಿ ಪೈಪಿನ ಒಂದು ಎಲ್ಬೋ ಇತ್ತು. ಅದು ಕೆಳಗೆ ಬಿತ್ತು. ದೊಡ್ಡಬೈಲಿಗೆ! ನಮಗೆ ಅರ್ಧ ಬಾದಾಮಿ ಸುಂಕ ಕೊಟ್ಟವರ ಅಡಿಗೆ ನಾವು!

ನಾನು ಆ ತಿಂಗಳು ಅಂಗಡಿಯಲ್ಲಿ ಕೂತದ್ದಕ್ಕಿಂತ ಶೀನಣ್ಣನ ಹೋಟೆಲಿನಲ್ಲಿ ಕೂತದ್ದೇ ಹೆಚ್ಚು. ಹೋರಾಟ ಸಮಿತಿಯಾಯಿತು. ಕುಂದಾಪುರದ ಪ್ರೆಸ್ಸಿಗೆ ಹೋಗಿ ಹಳದಿ ಕಾಗದದಲ್ಲಿ ನೋಟೀಸು ಮಾಡಿಸಿದೆ. ಎರಡು ಸಾವಿರ ಪ್ರತಿ. ಕೆಳಮಕ್ಕಿಯಲ್ಲಿ ದನಕರುಗಳನ್ನು ಲೆಕ್ಕಕ್ಕೆ ಹಿಡಿದರೂ ಎರಡು ಸಾವಿರ ತಲೆ ಇಲ್ಲ. ಆದರೆ ಕಡಿಮೆ ಹೇಳಿದರೆ ಪ್ರೆಸ್ಸಿನವರ ಎದುರು ಊರಿನ ಮರ್ಯಾದೆ ಏನಾಗಬೇಕು? ಮನೆಮನೆಗೆ ಹೋಗಿ ಹಂಚಿದೆ. ನಮ್ಮ ಆಫೀಸು ನಡೆಯುವ ದೂರದಲ್ಲಿದೆ, ದೊಡ್ಡಬೈಲಿನ ಆಫೀಸು ಆ ಊರಿನ ಆಚೆ ತುದಿಯಲ್ಲಿ, ನಾಳೆ ಒಂದು ಸರ್ಟಿಫಿಕೇಟಿಗೆ ಬಸ್ಸು ಹತ್ತಬೇಕಾಗುತ್ತದೆ, ದೊಡ್ಡ ಸಭೆಯಲ್ಲಿ ನಮ್ಮ ಮಾತಿಗೆ ಬೆಲೆ ಸಿಗುವುದಿಲ್ಲ ಎಂದೆಲ್ಲ ಹೇಳಿದೆ. ಅಪ್ಪಯ್ಯನ ಅವಲಕ್ಕಿ ಚೀಲದ ಕಥೆ ಹೇಳಿದೆ. ಜನ ತಲೆಯಾಡಿಸಿದರು. ನಾನು ಹೇಳಿದ್ದು ಸುಳ್ಳಲ್ಲ ಎಂಬುದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಜಲಜಳನ್ನು ಕೇಳಿದೆನೇ ಎನ್ನುವಿರಾ? ಇಲ್ಲ. ನನ್ನ ಕೈಯ ಅಭಿಪ್ರಾಯವೇನೆಂದು ನಾನು ನನ್ನ ಕೈಯನ್ನು ಕೇಳುವುದುಂಟೇ?

ಸಭೆಯ ದಿನ ಆಫೀಸಿನ ಅಂಗಳದಲ್ಲಿ ಜನ ತುಂಬಿತ್ತು. ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ತಾಲೂಕಿನಿಂದ ಒಬ್ಬರು ಅಧಿಕಾರಿ ಬಂದಿದ್ದರು, ಕನ್ನಡಕ ಹಾಕಿದ, ಮೆಲುದನಿಯ ಹೆಂಗಸು. ಹಾಜರಿ ಪುಸ್ತಕ ನೋಡಿ ತಲೆಯೆತ್ತಿ ನನ್ನನ್ನು ಕೇಳಿದರು.

"ತಾವು ಸದಸ್ಯರಾ?"

"ಅಲ್ಲ. ಅಧ್ಯಕ್ಷರ ಯಜಮಾನರು."

"ಹಾಗಾದರೆ ಹೊರಗೆ ಕೂತ್ಕೊಳ್ಳಿ."

ನನಗೆ ಮೊದಲು ಅರ್ಥವಾಗಲಿಲ್ಲ. ಎರಡು ವರ್ಷದಲ್ಲಿ ಯಾರೂ ಆಡದ ಮಾತು ಅದು. ಜಲಜಳ ಕಡೆ ನೋಡಿದೆ, 'ಇರಲಿ ಮೇಡಂ' ಎಂದು ಒಂದು ಮಾತು ಹೇಳುತ್ತಾಳೆಂದು. ಆಕೆ ಕಾಗದ ಜೋಡಿಸುತ್ತಿದ್ದಳು. ಎದ್ದು ಹೊರಗೆ ಬಂದೆ. ಬಾಗಿಲಿನಿಂದ ಅಂಗಳಕ್ಕೆ ಎರಡೇ ಮೆಟ್ಟಿಲು. ಇಳಿಯುವಾಗ ಕಾಲು ನೆಲ ಹುಡುಕಿತು.

"ಎಂತ ಮಂಜಣ್ಣ, ಹೊರ್ಗ್ ಹಾಕಿದ್ರಾ?" ಎಂದ ಶೀನಣ್ಣ.

"ಇಲ್ಲೆ, ಒಳ್ಗ್ ಸೆಕೆ."

ಕಿಟಕಿಯ ಬಳಿ ಹೋಗಿ ನಿಂತೆ. ಇಷ್ಟು ವರ್ಷ ಆಕೆಯನ್ನು ಆ ಕುರ್ಚಿಯಲ್ಲಿ ನಾನು ಬದಿಯಿಂದ ಮಾತ್ರ ನೋಡಿದ್ದೆ. ಕಿವಿ, ಕೆನ್ನೆ, ಪೆನ್ನು ಹಿಡಿದ ಕೈ. ಎದುರಿನಿಂದ ನೋಡಿದ್ದು ಅಂದೇ. ಬೇರೆ ಯಾರದೋ ಹೆಂಡತಿಯ ಹಾಗೆ ಕಂಡಳು.

ಅಧ್ಯಕ್ಷೆಯೂ ಸೇರಿ ಒಂಬತ್ತು ಜನ ಸದಸ್ಯರು. ಒಂಬತ್ತೂ ನಮ್ಮ ಕಡೆ ಎಂದು ನಾನು ಊರಿಗೆಲ್ಲ ಹೇಳಿಯಾಗಿತ್ತು. ಸೇರುವುದು ಬೇಡ ಎನ್ನುವವರು ಕೈಯೆತ್ತಿ ಎಂದರು ಅಧಿಕಾರಿ. ನಾಲ್ಕು ಕೈ ಎದ್ದವು. ಉಳಿದವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಸೇರಬಹುದು ಎನ್ನುವವರು ಎಂದಾಗ ಮೂವರು ಹೆಂಗಸರು ಮತ್ತು ಮುದುಕ ದಾಸಣ್ಣ ಕೈಯೆತ್ತಿದರು. ನಾಲ್ಕಕ್ಕೆ ನಾಲ್ಕು. ಈ ದಾಸಣ್ಣ ನಿನ್ನೆಯಷ್ಟೇ ನನ್ನ ಕೈಯಿಂದ ಹಳದಿ ನೋಟೀಸು ತೆಗೆದುಕೊಂಡು ಮಡಚಿ ಕಿಸೆಯಲ್ಲಿ ಇಟ್ಟುಕೊಂಡಿದ್ದ.

"ಅಧ್ಯಕ್ಷರೇ, ನಿಮ್ಮ ಅಭಿಪ್ರಾಯ?" ಎಂದರು ಅಧಿಕಾರಿ.

ಸದ್ಯ, ಜಲಜ ಉಳಿದಿದ್ದಳು. ನಾನು ಕಿಟಕಿಯಿಂದ ಅಂಗೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಆಕೆ ಎದ್ದು ನಿಂತಳು. ಕಿಟಕಿಯ ಕಡೆ ನೋಡಲಿಲ್ಲ.

"ಕಟ್ಟಿನಡಿಲಿ ಹದ್ನಾಲ್ಕ್ ಮನೆ ಇತ್ತ್" ಎಂದು ಶುರುಮಾಡಿದಳು. ಬೀಡಿ ಎಣಿಸುವ ಅದೇ ಸಣ್ಣ ದನಿ. ಅಂಗಳದ ಜನ ಕಿಟಕಿಯ ಹತ್ತಿರ ಸರಿದರು. "ಯುಗಾದಿ ಕಳ್ದ್ ಕೂಡ್ಲೆ ಬಾವಿ ನೀರ್ ಉಪ್ಪಾತ್ತ್. ದೊಡ್ಡಬೈಲಿನ ನಳ್ಳಿ ಗಡಿಕಲ್ಲಿನ ಹತ್ರವೇ ಇತ್ತ್. ಹೆಂಗ್ಸ್ರ್ ಅಲ್ಲಿಗ್ ಹೋತ್ರ್. ಆ ಊರ್ನವ್ರದ್ದೆಲ್ಲ ತುಂಬ್ದ್ ಮೇಲೆ ಇವ್ರಿಗೆ. ಒಂದೊಂದ್ ದಿನ ಇವ್ರ ಪಾಳಿ ಬಪ್ಪತ್ತಿಗೆ ನೀರ್ ನಿಂತಿರತ್ತ್. ಅವ್ರನ್ನ ದೂರುಕಾಗ. ಅವ್ರ ಪಂಚಾಯ್ತಿನ ನೀರ್. ಪೈಪ್ ಗಡಿಕಲ್ಲಿನವರೆಗ್ ಬಂದಿತ್ತ್. ಅದ್ರ ಬಾಯಿಗ್ ಬೂಚ್ ಹಾಕ್ದವ್ರ್ ನಮ್ಮನೆಯವ್ರೇ. ಅವ್ರದ್ದೂ ತಪ್ಪಲ್ಲ. ಅವ್ರಿಗ್ ಕೊಟ್ಟ ಕೆಲ್ಸ ಅಲ್ಲಿಯವರೆಗೇ."

ಅಂಗಳದ ಜನ ನನ್ನನ್ನು ನೋಡಿದರು. ನಾನು ಕಿಟಕಿಯ ಸರಳನ್ನು ನೋಡಿದೆ.

"ನಾನ್ ಆ ಪಂಚಾಯ್ತಿಗೆ ಎರಡ್ ಸಲ ಬರ್ದೆ. ಬೇರೆ ಪಂಚಾಯ್ತಿಗೆ ನೀರ್ ಕೊಡುಕಾತಿಲ್ಲೆ ಅಂದೇಳಿ ಎರಡ್ ಸಲವೂ ಉತ್ರ ಬಂತ್. ಇಲ್ಲಿ ಹೊಸ ಬಾವಿ ತೆಗ್ದ್ರೂ ಉಪ್ಪೇ. ನಮ್ ಆಫೀಸ್ ಹತ್ರ ಇತ್ತ್, ಖರೆ. ಆಫೀಸ್ ಹತ್ರ ಇತ್ತ್ ಅಂದೇಳಿ ಆಸ್ರಿ ಹೋತಿಲ್ಲೆ. ಸೇರುಕೆ ನನ್ ಒಪ್ಗಿ ಇತ್ತ್."

ಆಸ್ರಿ ಎಂದರೆ ನಮ್ಮ ಕಡೆ ಬಾಯಾರಿಕೆ. ಆಕೆ ಕೂತಳು. ಕಾರ್ಯದರ್ಶಿ ಬರೆದುಕೊಂಡ. ಐದಕ್ಕೆ ನಾಲ್ಕು.

ನನಗೆ ಗರ ಬಡಿದಂತಾಗಿತ್ತು. ಪಂಚಾಯತು ಹೋಯಿತು ಎಂಬುದು ಒಂದು. ಎರಡು ಪತ್ರ ಬರೆದಳಂತೆ, ಎರಡು ಉತ್ತರ ಬಂದವಂತೆ! ನನ್ನ ಬೆರಳಿನಡಿಯಿಂದ ಹೋಗದ ಕಾಗದವೊಂದು ಆ ಆಫೀಸಿನಲ್ಲಿ ಹುಟ್ಟಿತ್ತು ಎಂಬುದೇ ನನಗೆ ನಂಬಲಾಗದ ಸಂಗತಿಯಾಗಿತ್ತು. ಯಾವಾಗ ಬರೆದಳು? ಎಲ್ಲಿ ಕೂತು ಬರೆದಳು?

ಮನೆಗೆ ಆಕೆ ಮುಂದೆ, ನಾನು ಹಿಂದೆ. ಗದ್ದೆಯ ಅಂಚಿನ ದಾರಿ ಕಿರಿದು, ಪಕ್ಕಪಕ್ಕ ನಡೆಯಲಾಗದು ಎಂಬುದು ನೆಪ. ಮನೆ ಮುಟ್ಟಿದ ಕೂಡಲೇ ಆಕೆ ಅನ್ನಕ್ಕಿಟ್ಟಳು. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತೆ.

"ಇದೆಂತ ಮಾಡ್ದೆ ನೀನ್?"

"ಕೇಂಡ್ರ್, ಹೇಳ್ದೆ."

"ನನ್ ಮರ್ಯಾದಿ?"

"ನೀವ್ ಒಳ್ಗೇ ಇರ್ಲಿಲ್ಲೆ ಅಲ್ದಾ? ನಿಮ್ ಮರ್ಯಾದಿಗ್ ಎಂತ ಆಯ್ತ್?" ಎಂದಳು. ಕುಹಕವಿಲ್ಲ, ಸಿಟ್ಟಿಲ್ಲ. ನಿಜವಾಗಿ ಕೇಳುತ್ತಿರುವವಳಂತೆ ಕೇಳಿದಳು.

ಊರು ಸುಮ್ಮನಿರಲಿಲ್ಲ. ಶೀನಣ್ಣನ ಹೋಟೆಲಿಗೆ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಚಾ ಲೋಟ ಎದುರಿಗೆ ಬರುತ್ತಿತ್ತು, ಜೊತೆಗೆ ಮಾತು ಬರುತ್ತಿರಲಿಲ್ಲ. ಒಂದು ದಿನ ಬೆನ್ನ ಹಿಂದೆ ಕೇಳಿಸಿತು: "ತವರ್ಮನೆಗ್ ನೀರ್ ಕೊಡುಕೆ ಊರ್ ಮಾರಿದ್ಲ್." ಮನೆಗೆ ಬಂದು ಜಲಜಳಿಗೆ ಹೇಳಿದೆ, ಆಕೆ ಸಿಟ್ಟಾಗಲಿ, ಅಳಲಿ ಎಂಬ ಆಸೆಯಿಂದಲೇ ಹೇಳಿದೆನೆಂದು ಕಾಣುತ್ತದೆ.

"ತವರ್ಮನೆಗ್ ಹೌದಲೆ" ಎಂದಳು ಜಲಜ. "ಬದಿಯ ಹದ್ಮೂರ್ ಮನೆಗೂ ಹೌದ್."

ಇನ್ನು ಇವಳ ಮೇಲೆ ದೂರು ಕೊಡುವುದಕ್ಕೆ ಭೂಮಿಯ ಮೇಲೆ ಒಂದೇ ಜಾಗ ಉಳಿದಿತ್ತು. ಅವಳ ತಾಯಿ. ಅಕ್ಕಣಿಯತ್ತೆಗೆ ನನ್ನ ಮೇಲೆ ಬಹಳ ಅಭಿಮಾನ. ಅಳಿಯ ಅಂಗಡಿ ಇಟ್ಟವನು, ಬಿಳಿ ಅಂಗಿಯವನು. ಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿಯಾರು ಎಂದು, ಮೊದಲೇ ಸುದ್ದಿ ಕೊಡದೆ, ಒಂದು ಮಧ್ಯಾಹ್ನದ ಮೇಲೆ ಕಟ್ಟಿನಡಿಗೆ ಹೋದೆ. ನಡು ಬೇಸಗೆ. ಹೊಳೆಯ ಕಡೆಯಿಂದ ಕೆಸರಿನ ವಾಸನೆ ಬರುತ್ತಿತ್ತು. ಅತ್ತೆ ಚಾಪೆ ಹಾಕಿ ಕೂರಿಸಿ, ಒಳಗೆ ಹೋಗಿ ಬಹಳ ಹೊತ್ತು ಮಾಡಿ ಚಾ ತಂದರು. ನಾನು ದೂರನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡು ಒಂದು ಗುಟುಕು ಕುಡಿದೆ.

ಉಪ್ಪು. ಹಾಲು ಒಡೆದು ಚಾದ ಮೇಲೆ ಚೂರುಚೂರಾಗಿ ತೇಲುತ್ತಿತ್ತು.

"ಅತ್ತೆ, ಸಕ್ರೆ ಬದ್ಲಿಗ್ ಉಪ್ಪ್ ಬಿತ್ತಾ ಕಾಣಿ."

"ಇಲ್ಲೆ ಅಳಿಯ" ಎಂದರು ಅತ್ತೆ. ಅವರ ಮುಖ ಸಣ್ಣದಾಗಿತ್ತು. "ಇವತ್ ನಳ್ಳಿ ನೀರ್ ಸಿಕ್ಲಿಲ್ಲೆ. ನೀವ್ ಬತ್ರಿ ಅಂದೇಳಿ ಗೊತ್ತಿದ್ರೆ ಬೆಳ್ಗಾತ ಹೋಯಿ ಒಂದ್ ಕೊಡಪಾನ ತಂದಿಡ್ತಿದ್ದೆ."

"ನಾನ್ ಬಪ್ಪತ್ತಿಗೆ ಯಾವಾಗ್ಲೂ ತಂದಿಡುದಾ?"

"ಮತ್ತೆ? ಅಳಿಯಂಗ್ ಇದ್ನ ಕೊಡುಕಾತ್ತಾ? ನಾವ್ ಕುಡುದ್ ಇದೇ. ನಮ್ಗ್ ಅಭ್ಯಾಸ ಆಯ್ತ್. ಜಲಜ ಬಂದ್ರೂ ಇದೇ ಕುಡಿತ್ಲ್. ನಿಮ್ಗ್ ಅಂದೇಳಿ ಇಟ್ಟ ಕೊಡಪಾನ ಮುಟ್ತಿಲ್ಲೆ ಅವ್ಳ್."

ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಆ ಹದಿನಾರು ವರ್ಷಗಳ ಬೇಸಗೆಯಲ್ಲಿ ನಾನು ಅಲ್ಲಿ ಎಷ್ಟು ಸಲ ಚಾ ಕುಡಿದಿದ್ದೇನೆ, ಎಷ್ಟು ಸಲ ಊಟಕ್ಕೆ ಕೂತು 'ಇನ್ನೊಂದ್ ಚೊಂಬು ನೀರ್' ಎಂದಿದ್ದೇನೆ, ಉಂಡೆದ್ದು ಎಷ್ಟು ಧಾರಾಳವಾಗಿ ಕೈ ತೊಳೆದಿದ್ದೇನೆ! ನನ್ನ ಕಸುಬು ನೀರಿನದ್ದು. ಯಾವ ಬಾವಿಗೆ ಎಷ್ಟು ಕುದುರೆಶಕ್ತಿಯ ಪಂಪು ಬೇಕು, ಎಷ್ಟು ಎತ್ತರಕ್ಕೆ ಎಷ್ಟು ಇಂಚಿನ ಪೈಪು ಬೇಕು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನು. ಹೆಂಡತಿಯ ತವರಿನ ಬಾವಿಯ ನೀರು ಹೇಗಿದೆಯೆಂದು ಸಭೆಯಲ್ಲಿ ಕಿವಿಗೆ ಬಿದ್ದಿತ್ತು, ನಾಲಿಗೆಗೆ ತಿಳಿದದ್ದು ಅಂದೇ. ಆ ಚಾ ಪೂರ್ತಿ ಕುಡಿದೆ. ತಂದ ದೂರನ್ನು ಹಾಗೇ ವಾಪಸು ಒಯ್ದೆ.

ಆಮೇಲಿನದ್ದು ಬೇಗ ಹೇಳಬಹುದು. ಮುಂದಿನ ವರ್ಷ ಆದೇಶ ಬಂತು. ನಮ್ಮ ಆಫೀಸಿನ ಬೋರ್ಡು ಇಳಿಯಿತು. ಅದನ್ನು ಇಳಿಸುವಾಗ ಶೀನಣ್ಣ ಹೋಟೆಲಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಗಡಿಕಲ್ಲಿನಿಂದಾಚೆ ಪೈಪು ಎಳೆಯುವ ಕೆಲಸಕ್ಕೆ ನಾನೇ ಹೋದೆ. ನಾನು ಹಾಕಿದ ಬೂಚು ತುಕ್ಕು ಹಿಡಿದು ತಿರುಗಲಿಲ್ಲ, ಪೈಪಿನ ತುದಿಯನ್ನೇ ಗರಗಸದಿಂದ ಕೊಯ್ಯಬೇಕಾಯಿತು. ಕಟ್ಟಿನಡಿಗೆ ನೀರು ಬಂತು. ಅತ್ತೆ ಅದನ್ನು ಐದಾರು ವರ್ಷ ಕುಡಿದರು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಚಂದವಾಗಿರುತ್ತಿತ್ತು. ಆದರೆ ಹಳದಿ ನೋಟೀಸಿನಲ್ಲಿ ನಾನು ಬರೆದದ್ದೂ ಒಂದೊಂದಾಗಿ ನಿಜವಾಯಿತು. ಸರ್ಟಿಫಿಕೇಟಿಗೆ ಬಸ್ಸು ಹತ್ತಬೇಕಾಯಿತು. ಕೆಳಮಕ್ಕಿಯ ಬೀದಿದೀಪ ಕೆಟ್ಟರೆ ದೊಡ್ಡಬೈಲಿನವರಿಗೆ ಕತ್ತಲು ಕಾಣುತ್ತಿರಲಿಲ್ಲ. ಸೇರುವುದಕ್ಕೆ ಕೈಯೆತ್ತಿದ ದಾಸಣ್ಣನ ಪಿಂಚಣಿಯ ಕಾಗದವೇ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಒಂದು ಮಳೆಗಾಲ ತೆಗೆದುಕೊಂಡಿತು. ಪ್ರತಿಯೊಂದಕ್ಕೂ ಜನ ಜಲಜಳನ್ನು ಬೈದರು. ಬೈದವರ ಕಾಗದವನ್ನೇ ಹಿಡಿದುಕೊಂಡು ಆಕೆ ದೊಡ್ಡಬೈಲಿನ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂತು ಕೆಲಸ ಮಾಡಿಸಿಕೊಂಡು ಬರುತ್ತಿದ್ದಳು. ಮುಂದಿನ ಚುನಾವಣೆಗೆ ನಿಂತಳು, ಈ ಸಲ ಯಾರೂ ನಿಲ್ಲಿಸಿದ್ದಲ್ಲ, ತಾನೇ ನಿಂತದ್ದು. ಸೋತಳು. ದೊಡ್ಡಬೈಲಿನವರಿಗೆ ಆಕೆ ಗೊತ್ತಿರಲಿಲ್ಲ, ಕೆಳಮಕ್ಕಿಯವರಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಸೋತ ಮರುದಿನ ಮೊರ ತೆಗೆದುಕೊಂಡು ಜಗಲಿಯಲ್ಲಿ ಕೂತಳು. ನಾನು ಸಮಾಧಾನ ಹೇಳಲು ಹೋದರೆ, "ನೂಲ್ ಮುಗ್ದಿತ್ತ್, ಬಪ್ಪತ್ತಿಗೆ ತಕಂಡ್ ಬನ್ನಿ" ಎಂದಳು.

ಬೈಂದೂರು ಪ್ರತ್ಯೇಕ ತಾಲೂಕಾದಾಗ ಶೀನಣ್ಣ ಹೋಟೆಲಿನಲ್ಲಿ ಎಲ್ಲರಿಗೂ ಲಾಡು ಹಂಚಿದ. ಎಷ್ಟೋ ವರ್ಷಗಳ ಮೇಲೆ ನನ್ನ ಕೈಗೂ ನಗುತ್ತಾ ಎರಡು ಕೊಟ್ಟ. ಒಂದು ತಿಂದು ಇನ್ನೊಂದನ್ನು ಜಲಜಳಿಗೆ ಒಯ್ದೆ. ಸಂಜೆಯ ಬಿಸಿಲು ಜಗಲಿಯ ಮೇಲಿತ್ತು. ಅಂದು ಸೇರಿಸಿದರು, ಇಂದು ಒಡೆದರು, ಎರಡಕ್ಕೂ ನಾವು ಇದ್ದಲ್ಲೇ ಇದ್ದೇವೆ ಎಂದು ನಾನು ಏನೋ ದೊಡ್ಡ ಮಾತಾಡಿದೆ. ಆಕೆ ಲಾಡು ಮುರಿದು ಅರ್ಧ ನನಗೇ ಕೊಟ್ಟಳು. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಆಗ ಬಾಯಿಗೆ ಬಂತು.

"ಅವತ್ ಮೀಟಿಂಗಿಗಿಂತ ಮುಂಚೆ ನನ್ ಹತ್ರ ಒಂದ್ ಮಾತ್ ಹೇಳ್ಲಕ್ಕಿತ್ತಲೆ? ನಾನ್ ಕೇಂತಿರ್ಲಿಲ್ಯಾ?"

"ಹೇಳುಕೆ ಬಂದಿದ್ದೆ" ಎಂದಳು ಜಲಜ.

"ಎಲ್ಲಿಗೆ?"

"ಅಂಗ್ಡಿಗೆ. ಮುಂಚಿನ್ ದಿನ. ನೀವ್ ಶೀನಣ್ಣಂಗೂ ಮತ್ತಿಬ್ರಿಗೂ ನಾಳೆ ಮೀಟಿಂಗಲ್ಲಿ ಜಲಜ ಎಂತ ಹೇಳ್ತ್ಲ್ ಅಂದೇಳಿ ಹೇಳ್ತಾ ಇದ್ರಿ. ನಾನ್ ಏಳುದ್, ಸೆರಗ್ ಸರಿ ಮಾಡ್ಕಂಬುದ್, ಕೈ ಎತ್ತುದ್, ಎಲ್ಲ ಮಾಡಿ ತೋರ್ಸ್ತಾ ಇದ್ರಿ. ಅವ್ರೆಲ್ಲ ನೆಗಾಡ್ತಾ ಇದ್ರ್."

ಅದು ನನಗೆ ನೆನಪಿತ್ತು. ನಕ್ಕದ್ದು ನೆನಪಿತ್ತು. ಆಕೆ ಬಂದದ್ದು ನೆನಪಿರಲಿಲ್ಲ.

"ಒಂದ್ ಸಲ ಕರುಕಾಗ್ದಾ ಮಾರಾಯ್ತಿ?"

"ಕರ್ದೆ. ನೀವ್ ನನ್ ಬದಿ ತಿರ್ಗಿ ಕಂಡ್ರಿ. 'ಸ್ವಲ್ಪ ನಿಲ್ಲಿ, ಈಗ ಬತ್ತೆ' ಅಂದ್ರಿ. ನಾನ್ ಬಿಸ್ಲಿಗೆ ಕೊಡೆ ಹಿಡ್ಕಂಡಿದ್ದೆ. ಗಿರಾಕಿ ಅಂದ್ಕಂಡ್ರಿ ಕಾಣತ್ತ್."

ಕೈಯಲ್ಲಿದ್ದ ಅರ್ಧ ಲಾಡನ್ನು ಜಗಲಿಯ ಮೇಲಿಟ್ಟೆ.

"ಎಷ್ಟ್ ಹೊತ್ ನಿಂತಿದ್ದೆ?"

"ಬೈಂದೂರ್ ಬಸ್ ಒಂದ್ ಹೋಯ್ತ್. ಮತ್ತೆ ಕುಂದಾಪ್ರದ್ದ್ ಒಂದ್ ಬಂತ್. ಅಷ್ಟ್ ಹೊತ್ತ್" ಎಂದು, ಮಡಿಲಿಗೆ ಬಿದ್ದ ಲಾಡಿನ ಪುಡಿ ಕೊಡವಿಕೊಂಡು ಒಳಗೆ ಹೋದಳು.

ಆ ದಿನ ಅಂಗಡಿಗೆ ಯಾರು ಯಾರು ಬಂದಿದ್ದರೆಂದು ನೆನಪಿಸಿಕೊಳ್ಳುತ್ತಾ ನಾನು ಜಗಲಿಯಲ್ಲೇ ಕೂತೆ. ಒಂದು ಮುಖವೂ ನೆನಪಾಗಲಿಲ್ಲ.